ಪಕ್ಕದ ಸೀಟಿನ ಫಾಬ್ರಿಜಿಯಾ ಪೋನ್ಸ್

ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ರ್‍ಯಾಲಿ ಗೆದ್ದ ಮೊದಲ ಮಹಿಳೆ ಯಾರು ಅಂತ ಕೇಳಿದರೆ ರೇಸಿಂಗ್ ಹುಚ್ಚಿರುವವರು ಥಟ್ಟನೆ ಮಿಶೆಲ್ ಮೂಟನ್ ಅನ್ನುತ್ತಾರೆ. ಸರಿಯೇ. ಆದರೆ 1981ರಲ್ಲಿ ಇಟಲಿಯ ಸಾನ್‌ರೆಮೋ ಗೆದ್ದ ಆ ಆಡಿ ಕ್ವಾಟ್ರೋ ಕಾರಿನಲ್ಲಿ ಇಬ್ಬರಿದ್ದರು, ಇಬ್ಬರೂ ಹೆಂಗಸರೇ. ಪಕ್ಕದಲ್ಲಿ ಕೂತು ದಾರಿ ಓದಿ ಹೇಳಿದ ಕೋ-ಡ್ರೈವರ್ ಫಾಬ್ರಿಜಿಯಾ ಪೋನ್ಸ್ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಇದು ಬರೀ ಮರೆವು ಅಂತ ನನಗೆ ಅನ್ನಿಸುವುದಿಲ್ಲ. ಕೋ-ಡ್ರೈವರ್ ಅಂದರೆ ಸುಮ್ನೆ ಜೊತೆಗೆ ಕೂತವರು ಅಂತ ತುಂಬಾ ಜನ ಇನ್ನೂ ನಂಬಿದ್ದಾರೆ.

ಪೋನ್ಸ್ ಹುಟ್ಟಿದ್ದು 1955ರಲ್ಲಿ, ಟ್ಯೂರಿನ್‌ನಲ್ಲಿ. ಶುರು ಮಾಡಿದ್ದು ಬೈಕಿನಿಂದ, ಅದೂ ಮೋಟೋಕ್ರಾಸ್, ಅಂದರೆ ಏರುತಗ್ಗಿನ ಮಣ್ಣಿನ ಹಾದಿಯ ಬೈಕ್ ರೇಸ್. ಅಲ್ಲಿ ಆಕ್ಸಿಲರೇಟರ್, ಬ್ರೇಕು, ಬೀಳೋದು, ಏಳೋದು ಎಲ್ಲಾ ನಮ್ಮದೇ. ಅಂಥವರು ಸ್ಟೀರಿಂಗನ್ನು ಬೇರೆಯವರ ಕೈಗೆ ಬಿಟ್ಟು, ತಲೆ ತಗ್ಗಿಸಿ ಓದುತ್ತಾ ಕೂರಬೇಕು ಅಂದರೆ ಸುಲಭಾನಾ? ತಮಾಷೆ ಅಂದರೆ ಮೂಟನ್ ಬಂದದ್ದು ಉಲ್ಟಾ ದಾರಿಯಲ್ಲಿ. ಅವರು ರ್‍ಯಾಲಿಗೆ ಕಾಲಿಟ್ಟಿದ್ದೇ ಕೋ-ಡ್ರೈವರ್ ಆಗಿ.

ಆ ಕೆಲಸ ಏನು ಅಂತ ಸ್ವಲ್ಪ ನೋಡಿ. ರ್‍ಯಾಲಿಗೆ ಮುಂಚೆ ಇಬ್ಬರೂ ಅದೇ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. ಇದೇ ಪೇಸ್ ನೋಟ್ಸ್. ಎಡವೋ ಬಲವೋ, ತಿರುವು ಎಷ್ಟು ಬಿಗಿ, ಮುಂದಿನದಕ್ಕೆ ಎಷ್ಟು ಮೀಟರ್, ದಿಬ್ಬದ ಆಚೆ ಏನಿದೆ. ಆಮೇಲೆ ಕಾರು ಕುಣಿಯುತ್ತಾ ಹಾರುತ್ತಾ ಓಡುವಾಗ ಅದನ್ನು ಓದಿ ಹೇಳಬೇಕು. ಬೇಗ ಹೇಳಿದರೆ ಡ್ರೈವರ್ ತಲೆಯಲ್ಲಿ ನಿಲ್ಲುವುದಿಲ್ಲ. ತಡವಾದರೆ ಕಾರು ಹಳ್ಳದಲ್ಲಿ. ರಾತ್ರಿ ಮಂಜು ಕವಿದರಂತೂ ಡ್ರೈವರ್‌ಗೆ ಪಕ್ಕದ ದನಿಯೇ ರಸ್ತೆ. ಕಣ್ಣು ಪುಟದ ಮೇಲಿರುವುದರಿಂದ, ಕಾರು ಎಲ್ಲಿಗೆ ಬಂತು ಅನ್ನುವುದನ್ನು ಕೋ-ಡ್ರೈವರ್ ಸೀಟಿನ ಅಲುಗಾಟದಲ್ಲೇ ಹಿಡಿಯಬೇಕು. ಮೋಟೋಕ್ರಾಸ್ ಕಲಿಸಿದ್ದು ಇಲ್ಲೇ ಕೈ ಹಿಡಿದಿರಬೇಕು ಅನ್ನುವುದು ನನ್ನ ಊಹೆ.

ಕಾರು ಎಲ್ಲಿಗೆ ಎಷ್ಟು ಹೊತ್ತಿಗೆ ತಲುಪಿತು ಅಂತ ಬರೆಸುವ ಟೈಮ್ ಕಾರ್ಡ್ ಜವಾಬ್ದಾರಿಯೂ ಇವರದ್ದೇ. ಈಗಿನ ನಿಯಮದ ಪ್ರಕಾರ ಕಂಟ್ರೋಲ್‌ಗೆ, ಅಂದರೆ ಸಮಯ ದಾಖಲಿಸುವ ಜಾಗಕ್ಕೆ, ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ. ಒಂದು ನಿಮಿಷ ಬೇಗ ಹೋದರೆ ಪೂರ್ತಿ 60 ಸೆಕೆಂಡ್!

1982ರಲ್ಲಿ ಈ ಜೋಡಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರೂ ಗೆದ್ದಿತು. ಐವರಿ ಕೋಸ್ಟ್ ರ್‍ಯಾಲಿ ಹೊತ್ತಿಗೆ ಮೂಟನ್ ಅವರ ತಂದೆ ತೀರಿಕೊಂಡರು. ಆದರೂ ಹೊರಟರು, ಕೊನೆ ಮುಟ್ಟಲಿಲ್ಲ. ಆ ವರ್ಷದ ವಿಶ್ವ ಚಾಂಪಿಯನ್ ಪ್ರಶಸ್ತಿ ಎದುರಾಳಿ ವಾಲ್ಟರ್ ರೋರ್ಲ್ ಪಾಲಾಯಿತು, ಮೂಟನ್‌ಗೆ ಎರಡನೇ ಸ್ಥಾನ. ಆ ದಿನಗಳಲ್ಲಿ ಪಕ್ಕದಲ್ಲಿ ಕೂತು ದನಿ ನಡುಗದಂತೆ ಓದುವುದೂ ಒಂದು ಕೆಲಸ ಅಲ್ವಾ?

ಮೂಟನ್ ನಿಲ್ಲಿಸಿದ ಮೇಲೂ ಪೋನ್ಸ್ ಕಥೆ ಮುಗಿಯಲಿಲ್ಲ. ಸಾನ್‌ರೆಮೋದಲ್ಲಿ ಇವರನ್ನು ಬೆನ್ನಟ್ಟಿ ಬಂದಿದ್ದ ಆರಿ ವಟನೆನ್‌ಗೇ 90ರ ದಶಕದಲ್ಲಿ ನೋಟ್ಸ್ ಓದಿದರು. 1997ರಲ್ಲಿ ಪಿಯೆರೋ ಲಿಯಾಟಿ ಜೊತೆ ಸುಬಾರು ಕಾರಿನಲ್ಲಿ ಮಾಂಟೆ ಕಾರ್ಲೋ ಗೆದ್ದರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಲಿಯಾಟಿಗೆ ಸಿಕ್ಕಿದ್ದು ಅದೊಂದೇ ಗೆಲುವು, ಪೋನ್ಸ್‌ಗೆ ಅದು ಐದನೆಯದು. ಯಾರು ಯಾರ ಜೊತೆಗೆ ಹೋದರು ಅಂತ ನೀವೇ ಹೇಳಿ.

2005ರಲ್ಲಿ ಡಕಾರ್ ಅನ್ನುವ ಮರಳುಗಾಡಿನ ರ್‍ಯಾಲಿಯಲ್ಲಿ ಡ್ರೈವರ್ ಯೂಟಾ ಕ್ಲೈನ್‌ಶ್ಮಿಟ್ ಜೊತೆ ಮೂರನೇ ಸ್ಥಾನ. ಅಲ್ಲಿ ಪೇಸ್ ನೋಟ್ಸ್ ಇಲ್ಲ. ಆಯೋಜಕರು ಕೊಟ್ಟ ರೋಡ್ ಬುಕ್ ಹಿಡಿದು ಮರಳುಗಾಡಿನಲ್ಲಿ ದಾರಿ ಹುಡುಕಬೇಕು, ಅದು ಬೇರೆಯದೇ ವಿದ್ಯೆ. ಆಗ ಅವರಿಗೆ ಐವತ್ತರ ಹತ್ತಿರ ವಯಸ್ಸು.