ಸ್ಪಷ್ಟನೆ: ಬೆಲ್ಲ, ಮುದ್ದೆ ತಿಂದರೆ ಶುಗರ್ ಮಾತ್ರೆ ಬೇಡ ಅನ್ನೋದು ತಪ್ಪು

"ಶುಗರ್ ಬಂದಿದೆಯಾ? ಸಕ್ಕರೆ ಬದಲು ಬೆಲ್ಲ ಹಾಕಿ, ಅನ್ನ ಬಿಟ್ಟು ಎಷ್ಟು ಬೇಕಾದರೂ ಮುದ್ದೆ ತಿನ್ನಿ, ಮಾತ್ರೆ ನಿಲ್ಲಿಸಿ" ಎಂಬ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಕಾಫಿಗೆ ಯಾವುದು ಹಾಕಿದರೂ ಶುಗರ್ ಏರುತ್ತದೆ.

ರಾಗಿ ಒಳ್ಳೆಯದೇ, ನಾರು, ಕ್ಯಾಲ್ಸಿಯಂ ಚೆನ್ನಾಗಿದೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪೋಷಕಾಂಶಗಳ ಪಟ್ಟಿ ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಅರಗಿದಾಗ ಸಕ್ಕರೆಯಾಗುವ ಅಂಶ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯಂತೂ ಬೇಗ ಅರಗಿ ಶುಗರನ್ನು ಬೇಗ ಏರಿಸುತ್ತದೆ. ಚಿಕ್ಕದೊಂದು ಮುದ್ದೆ, ಜೊತೆಗೆ ಜಾಸ್ತಿ ಸೊಪ್ಪು, ಕಾಳು ಇದ್ದರೆ ಸಾಕು.

ಊಟ ಬದಲಿಸುವುದು, ದಿನಾ ನಡೆಯುವುದು, ತೂಕ ಇಳಿಸುವುದು ನಾವೇ ಮಾಡಬೇಕಾದ ಕೆಲಸ, ಅಲ್ವಾ? ಇದರಿಂದ ಕೆಲವರಿಗೆ ಮಾತ್ರೆ ಕಡಿಮೆಯಾಗುವುದೂ ಉಂಟು. ಆದರೆ ಅದನ್ನು ಡಾಕ್ಟರೇ ಹೇಳಬೇಕು, ರಕ್ತದಲ್ಲಿನ ಶುಗರಿನ ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ನೋಡಿ. ಟೈಪ್ 1 (ದೇಹವೇ ಇನ್ಸುಲಿನ್ ತಯಾರಿಸದ ಬಗೆಯ) ಶುಗರ್ ಇರುವವರು ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ.

ದಯವಿಟ್ಟು ಆ ಮೆಸೇಜನ್ನು ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿ ಮಾತ್ರೆ ಬಿಟ್ಟಿದ್ದರೆ ಇವತ್ತೇ ನಿಮ್ಮ ಡಾಕ್ಟರಿಗೆ ತಿಳಿಸಿ.