ಐಸಿನ ಕೆಳಗಿನ ಖಾರ

ಕೊರಿಯಾದ ತಣ್ಣನೆಯ ನೂಡಲ್ಸಿನ ಪ್ಯಾಕೆಟ್ ತಂದಿದ್ದೆ. ಬೆಂದ ನೂಡಲ್ಸನ್ನು ನಲ್ಲಿ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆಯಿರಿ ಎಂದು ಪ್ಯಾಕೆಟ್ಟಿನ ಹಿಂದೆ ಚಿತ್ರ ಹಾಕಿದ್ದರು. ಪಾತ್ರೆ ತೊಳೆಯುವುದು ಗೊತ್ತು, ಊಟ ತೊಳೆಯುವುದು ನನಗೆ ಹೊಸದು. ನಮ್ಮ ಮನೆಯಲ್ಲಿ ಊಟಕ್ಕೆ ಇರುವುದು ಎರಡೇ ಸ್ಥಿತಿ. ಒಂದು ಬಿಸಿ, ಇನ್ನೊಂದು 'ಆರಿಹೋಯ್ತು'. ಎರಡನೆಯದು ಬೈಗುಳ, ತಟ್ಟೆ ಮುಂದೆ ಫೋನ್ ಹಿಡಿದು ಕೂತವರ ಮೇಲೆ ಬೀಳುತ್ತದೆ. ಬೇಕೂಂತಲೇ ಆರಿಸಿ, ಮೇಲೆ ಐಸ್ ಬೇರೆ ಹಾಕಿ ತಿನ್ನುವುದು ಅಂದರೆ?

ಕೊರಿಯಾದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಅವರ ನೆಂಗ್‌ಮ್ಯೊನ್ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನಿಂದ ಮಾಡುವ ತಣ್ಣನೆಯ ನೂಡಲ್ಸ್, ಹಳೆಯ ತಿಂಡಿ. ಈಗ ಬೇಸಿಗೆ ಬಂದರೆ ಸೋಲ್ ನಗರದ ಹೋಟೆಲುಗಳ ಮುಂದೆ ಅದಕ್ಕೆ ಸಾಲು ನಿಲ್ಲುತ್ತಾರೆ. ಆದರೆ ಮೊದಲು ಅದು ಚಳಿಗಾಲದ ಊಟವಾಗಿತ್ತು. 1849ರ ಹೊತ್ತಿನ ಪುಸ್ತಕವೊಂದು ಇದನ್ನು ಹನ್ನೊಂದನೇ ತಿಂಗಳ ತಿನಿಸು ಎಂದೇ ಹೇಳುತ್ತದೆ. ಬಕ್‌ವೀಟ್ ಕೊಯ್ಲಿಗೆ ಬರುವುದು ಶರತ್ಕಾಲದ ಕೊನೆಗೆ. ಉಪ್ಪುನೀರಿನಲ್ಲಿ ಹುಳಿ ಬಂದ ಮೂಲಂಗಿಯ ರಸ ಸಿಗುವುದೂ ಚಳಿಯಲ್ಲೇ. ಫ್ರಿಜ್ ಇಲ್ಲದ ಕಾಲದಲ್ಲಿ ಐಸ್ ಬೇಕೆಂದರೂ ಚಳಿಗಾಲಕ್ಕೇ ಕಾಯಬೇಕು. ಹೊರಗೆ ಹಿಮ, ಒಳಗೆ ಅಡಿಯಿಂದ ಬೆಂಕಿಯ ಶಾಖ ಹಾಯಿಸಿದ ಬೆಚ್ಚಗಿನ ನೆಲ. ಅದರ ಮೇಲೆ ಕೂತು ಹಲ್ಲು ಜುಮ್ಮೆನ್ನುವ ನೂಡಲ್ಸ್ ತಿನ್ನುವುದು. ಜುಗ್ಗರಿಗೆ ಹೊಳೆಯುವ ಸುಖವಲ್ಲ ಇದು.

ಪ್ಯೊಂಗ್ಯಾಂಗ್ ಊರಿನ ನೆಂಗ್‌ಮ್ಯೊನ್ ಸಪ್ಪೆ, ತೆಳ್ಳಗಿನ ಸಾರಿನಲ್ಲಿ ತೇಲುತ್ತದೆ. ಹಾಮ್ಹುಂಗ್‌ನದು ಸಾರಿಲ್ಲದೆ ಕೆಂಪಗೆ ಕಲಸಿದ್ದು. ಎರಡೂ ಉತ್ತರ ಕೊರಿಯಾದ ಊರುಗಳು. 1950ರ ಯುದ್ಧದಲ್ಲಿ ದಕ್ಷಿಣಕ್ಕೆ ಓಡಿಬಂದವರು ಎರಡನ್ನೂ ಜೊತೆಗೆ ತಂದರು. 2018ರ ಏಪ್ರಿಲ್ 27ರಂದು ಎರಡೂ ಕೊರಿಯಾಗಳ ನಾಯಕರು ಗಡಿಯಲ್ಲಿ ಭೇಟಿಯಾದಾಗ, ಪ್ಯೊಂಗ್ಯಾಂಗ್‌ನ ಓಕ್ರ್ಯುಗ್ವಾನ್ ಹೋಟೆಲಿನ ಅಡುಗೆಯವರ ಜೊತೆ ನೂಡಲ್ಸ್ ಒತ್ತುವ ಯಂತ್ರವೂ ಗಡಿಗೆ ಬಂದಿತ್ತು. ಆ ದಿನ ಮಧ್ಯಾಹ್ನ ಸೋಲ್‌ನ ನೆಂಗ್‌ಮ್ಯೊನ್ ಅಂಗಡಿಗಳ ಮುಂದೆ ಉದ್ದೋ ಉದ್ದ ಸಾಲು. ರಾಜಕೀಯದ ಸುದ್ದಿ ಕೇಳಿ ಜನಕ್ಕೆ ಹಸಿವಾಗುವುದು ಅಪರೂಪ, ಅಲ್ವಾ?

ಯಂತ್ರ ಯಾಕೆ ಬೇಕು ಅಂದರೆ, ಬಕ್‌ವೀಟ್ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಎಳೆದರೆ ಹರಿಯುತ್ತದೆ. ಹಾಗಾಗಿ ನಮ್ಮ ಒತ್ತು ಶಾವಿಗೆಯಂತೆ ತೂತುಗಳ ಮೂಲಕ ಒತ್ತಬೇಕು. ನಾವು ಉಂಡೆ ಬೇಯಿಸಿಕೊಂಡು ಒತ್ತುತ್ತೇವೆ, ಅವರು ಕುದಿಯುವ ನೀರಿನೊಳಕ್ಕೇ ಒತ್ತುತ್ತಾರೆ. ಅಜ್ಜಿ ಕಾಲದಲ್ಲಿ ಶಾವಿಗೆ ಒರಳಿನ ಹಿಡಿಗೆ ಜೋತುಬಿದ್ದವರಿಗೆ ಆ ಕೆಲಸದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅಂದಹಾಗೆ ಈ ಬಕ್‌ವೀಟ್ ಗೋಧಿಯ ಜಾತಿಯೇ ಅಲ್ಲ, ಹುಲ್ಲಿನ ಕುಲವೂ ಅಲ್ಲ. ಉತ್ತರ ಭಾರತದವರು ನವರಾತ್ರಿ ಉಪವಾಸಕ್ಕೆ ಪೂರಿ ಕರಿಯುವ ಕುಟ್ಟು ಹಿಟ್ಟು ಇದೇ. ಆದರೆ ಪ್ಯಾಕೆಟ್ ನೂಡಲ್ಸ್ ನಂಬಿ ಉಪವಾಸ ಮಾಡಬೇಡಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಗೋಧಿಹಿಟ್ಟಿನದೇ ಇತ್ತು, ಬಕ್‌ವೀಟ್ ಹಿಂದೆಲ್ಲೋ ಇತ್ತು. ಸಸ್ಯಾಹಾರಿಗಳು ಹಸಿರು ಚುಕ್ಕಿಯೋ ಕಂದು ತ್ರಿಕೋನವೋ ಅಂತಲೂ ನೋಡಿಕೊಳ್ಳಿ. ಇಂಥ ಪೊಟ್ಟಣಗಳೊಳಗೆ ದನದ ಮಾಂಸದ ಪುಡಿ ಇರುವುದುಂಟು.

ಸರಿ, ತೊಳೆದೆ. ಉಜ್ಜಿಯೇ ತೊಳೆದೆ. ಮೇಲಿನ ಗಂಜಿ ಹೋಗಿ ಎಳೆ ಎಳೆ ಬಿಡಿಯಾಯಿತು, ಹಲ್ಲಿಗೆ ರಬ್ಬರಿನ ಪುಟಿತ ಬಂತು. ಕೆಂಪು ಗೊಜ್ಜು ಕಲಸಿ, ಸೌತೆಕಾಯಿ ಹೆಚ್ಚಿ ಹಾಕಿ, ಮೇಲೆ ಐಸ್ ಇಟ್ಟೆ. ಮೊದಲ ತುತ್ತು ಸಿಹಿ. ಆಮೇಲೆ ವಿನೆಗರಿನ ಹುಳಿ, ಎಳ್ಳೆಣ್ಣೆಯ ಘಮ. ಆ ಗೊಜ್ಜಿನ ಮೂಲ ಗೋಚುಜಾಂಗ್, ಅಂದರೆ ಮೆಣಸಿನ ಪುಡಿಗೆ ಅಂಟಕ್ಕಿ, ಸೋಯಾ, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದ್ದು. ಬ್ಯಾಡಗಿ ಮೆಣಸಿನ ಹಾಗೆ ಅದರದೂ ಬಣ್ಣದ ಅಬ್ಬರವೇ ಜಾಸ್ತಿ ಅಂದುಕೊಂಡು ಗಬಗಬ ತಿನ್ನುತ್ತಾ ಹೋದೆ.

ಖಾರ ಬಂದದ್ದು ಬಟ್ಟಲು ಮುಕ್ಕಾಲು ಖಾಲಿಯಾದ ಮೇಲೆ.

ಇದಕ್ಕೆ ಕಾರಣ ಇದೆ. ನಾಲಿಗೆಯಲ್ಲಿ ಬಿಸಿ ಗುರುತಿಸುವ ಒಂದು ವ್ಯವಸ್ಥೆ ಉಂಟು. ಮಾಮೂಲಾಗಿ ಅದು 43 ಡಿಗ್ರಿ ದಾಟಿದರೆ 'ಸುಡ್ತಿದೆ' ಅಂತ ಕೂಗುತ್ತದೆ. ಮೆಣಸಿನಕಾಯಿ ಆ ಗಡಿಯನ್ನೇ ಕೆಳಗಿಳಿಸುತ್ತದೆ. ಆಗ ನಮ್ಮ ಬಾಯಿಯ ಬಿಸಿಯೇ ನಮಗೆ ಬೆಂಕಿ. ಇದನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಐಸ್ ಇರುವಷ್ಟು ಹೊತ್ತು ಬಾಯಿ ತಣ್ಣಗಿರುತ್ತದೆ, ಕೂಗು ಏಳುವುದಿಲ್ಲ. ಐಸ್ ಕರಗಿದ ಮೇಲೆ ಅಲ್ಲಿಯವರೆಗೆ ತಿಂದದ್ದೆಲ್ಲ ಒಟ್ಟಿಗೇ ಎದ್ದಿತು. ಕಿವಿ ಬಿಸಿ, ಮೂಗಿನಲ್ಲಿ ನೀರು. ಆದರೂ ನನಗೆ ಈ ಕ್ರಮವೇ ಇಷ್ಟ. ಬಿಸಿ ಸಾರಿನಲ್ಲಿ ಖಾರ ಮೊದಲೇ ನುಗ್ಗಿ ಬೇರೆ ರುಚಿಗೆ ಜಾಗವೇ ಬಿಡುವುದಿಲ್ಲ. ಇಲ್ಲಿ ಎಲ್ಲ ರುಚಿಗಳ ಸರದಿ ಮುಗಿದ ಮೇಲೆ ಅದು ಬರುತ್ತದೆ.

ತಕರಾರು ಒಂದೇ, ಪ್ರಮಾಣ. 1984ರಲ್ಲಿ ಬಂದ ಪಾಲ್ಡೊ ಬಿಬಿಮ್ಯೊನ್ ಎಂಬ ತಣ್ಣನೆಯ ಗೋಧಿ ನೂಡಲ್ಸ್ ಬಗ್ಗೆ ಕೊರಿಯನ್ನರು ಇವತ್ತಿಗೂ ಗೊಣಗುತ್ತಾರಂತೆ: ಒಂದು ಸಾಲದು, ಎರಡು ಜಾಸ್ತಿ. ಬಕ್‌ವೀಟಿನದೂ ಅದೇ ಕತೆ. ಉಳಿದರ್ಧ ನಾಳೆಗೆ ಅಂತ ಫ್ರಿಜ್ಜಿನಲ್ಲಿ ಇಡುವ ಹಾಗೂ ಇಲ್ಲ, ಅಂಟಿಕೊಂಡು ಮುದ್ದೆಯಾಗುತ್ತದೆ. ಇಬ್ಬರಿದ್ದರೆ ಮೂರು ಪ್ಯಾಕೆಟ್ ಹಾಕಿ.