ಬ್ರೇಕ್ ಆಯಿಲ್ ಬದಲು ತೆಂಗಿನೆಣ್ಣೆ: ಒಂದು ಸ್ಪಷ್ಟನೆ

ಆಗುಂಬೆ ಘಾಟಿಯಲ್ಲಿ ಕಾರಿನ ಬ್ರೇಕ್ ಆಯಿಲ್ ಸೋರಿಹೋದರೆ ತೆಂಗಿನೆಣ್ಣೆಯನ್ನೋ ಸೋಪಿನ ನೀರನ್ನೋ ತುಂಬಿಸಿ ಉಡುಪಿಯವರೆಗೆ ಇಳಿದು ಬರಬಹುದು, ಇದು ಹಳೆಯ ಮೆಕ್ಯಾನಿಕ್‌ಗಳ ಉಪಾಯ ಎಂಬ ಸಂದೇಶವೊಂದು ಕರಾವಳಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಪ್ರಾಣಕ್ಕೇ ಅಪಾಯ.

ಹಿಂದೆ ಬ್ರೇಕ್ ಆಯಿಲ್‌ನಲ್ಲಿ ಹರಳೆಣ್ಣೆ ಬಳಸುತ್ತಿದ್ದುದು ನಿಜ. ಆಗಿನ ಸೀಲ್‌ಗಳು (ದ್ರವ ಸೋರದಂತೆ ತಡೆಯುವ ಬಳೆಗಳು) ಅದಕ್ಕೆ ಹೊಂದುವ ನೈಸರ್ಗಿಕ ರಬ್ಬರಿನವಾಗಿದ್ದವು. ಈಗಿನ ಕಾರುಗಳ ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ದ್ರವಗಳು ಗ್ಲೈಕಾಲ್ ಎಂಬ ರಾಸಾಯನಿಕ ಮೂಲದವು, ಸೀಲ್‌ಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನವು. ಎಣ್ಣೆ ತಾಗಿದರೆ ಈ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಪಿಸ್ಟನ್ ಹಿಂದೆ ಸರಿಯದೆ ಬ್ರೇಕ್ ಹಿಡಿದುಕೊಳ್ಳಬಹುದು ಅಥವಾ ಪೂರ್ತಿ ಕೈಕೊಡಬಹುದು. ಮೇಲಾಗಿ ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಘಾಟಿಯ ಚಳಿಗಾಲದ ಮುಂಜಾವಿನ ಚಳಿಯೇ ಸಾಕು.

ಸೋಪಿನ ನೀರು ಇನ್ನೂ ಕೆಟ್ಟದ್ದು. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು, ನೀರು 100ಕ್ಕೇ ಕುದಿಯುತ್ತದೆ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿ ಕಾದಾಗ ಪೈಪಿನೊಳಗೆ ಆವಿ ತುಂಬುತ್ತದೆ. ಆವಿ ಒತ್ತಿದರೆ ಕುಗ್ಗುವಂಥದ್ದು, ಆದ್ದರಿಂದ ಪೆಡಲ್ ತಳ ಮುಟ್ಟಿದರೂ ಚಕ್ರಕ್ಕೆ ಒತ್ತಡ ತಲುಪುವುದಿಲ್ಲ.

ಪೆಟ್ರೋಲ್ ಟ್ಯಾಂಕಿನ ಸಣ್ಣ ತೂತಿಗೆ ಬಾರ್ ಸೋಪು ತಿಕ್ಕುವ ಹಳೆಯ ಉಪಾಯಕ್ಕೆ ಆಧಾರವಿದೆ, ಏಕೆಂದರೆ ಸೋಪು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಅದೂ ತಾತ್ಕಾಲಿಕ, ಬ್ರೇಕಿಗೆ ಅನ್ವಯಿಸದು.

ದಯವಿಟ್ಟು ಈ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ. ಬ್ರೇಕ್ ಆಯಿಲ್ ಸೋರಿದರೆ ವಾಹನವನ್ನು ಅಲ್ಲೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಟೋಯಿಂಗ್ ತರಿಸಿಕೊಳ್ಳಿ. ಈಗಾಗಲೇ ಎಣ್ಣೆ ಸುರಿದಿದ್ದರೆ ಓಡಿಸದೆ, ಇಡೀ ಬ್ರೇಕ್ ವ್ಯವಸ್ಥೆಯನ್ನು ತೊಳೆಸಿ ಸೀಲ್‌ಗಳನ್ನು ಬದಲಾಯಿಸಿಕೊಳ್ಳಿ.